‘ಯೆಸ್’ ಬಟನ್ ಮಂಕಾಗಿದೆಯೇ? ಮನೆ ಕಂಪ್ಯೂಟರಿನಲ್ಲಿ ಅಡ್ಮಿನ್ ಅಕೌಂಟ್ ಬೇರೆ ಮಾಡಿದ ಮೇಲೆ ಬರುವ ತೊಂದರೆಗಳು

ನಮ್ಮ ಅಕ್ಕನ ಮನೆ ತುಮಕೂರಿನ ಕ್ಯಾತ್ಸಂದ್ರದಲ್ಲಿ. ಒಂದು ಭಾನುವಾರ ಬೆಳಿಗ್ಗೆ ಅವಳ ಫೋನ್ ಬಂತು. "ಲೋ, ಹೊಸ ಪ್ರಿಂಟರ್ ತಂದಿದೀವಿ. ಹಾಕೋಕೇ ಬಿಡ್ತಿಲ್ಲ ಕಣೋ. 'ಯೆಸ್' ಅನ್ನೋದು ಒತ್ತೋಕೇ ಆಗ್ತಿಲ್ಲ."

ಹಿಂದಿನ ವಾರ ಆ ಕಂಪ್ಯೂಟರಿನ ಅಕೌಂಟುಗಳನ್ನು ಬದಲಾಯಿಸಿದ್ದು ನಾನೇ. ಅಕ್ಕನ ಮಗ ಎಲ್ಲೆಲ್ಲಿಂದಲೋ ಗೇಮ್ ಇಳಿಸಿಕೊಳ್ಳುತ್ತಾನೆ. ಭಾವ ಅದೇ ಕಂಪ್ಯೂಟರಿನಲ್ಲಿ ಬ್ಯಾಂಕ್ ಕೆಲಸ ಮಾಡುತ್ತಾರೆ. ಎರಡೂ ಒಂದೇ ಅಡ್ಮಿನ್ ಅಕೌಂಟಿನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಬದಲಿಸುವ ಅಧಿಕಾರ ಇರುವ ಅಕೌಂಟಿನಲ್ಲಿ, ನಡೆಯುತ್ತಿತ್ತು. ಅದು ನನಗೆ ಸರಿ ಕಾಣಲಿಲ್ಲ. ದಿನದ ಕೆಲಸಕ್ಕೆ ಆ ಅಧಿಕಾರ ಇಲ್ಲದ ಸ್ಟ್ಯಾಂಡರ್ಡ್ ಅಕೌಂಟ್, ಸಾಫ್ಟ್‌ವೇರ್ ಹಾಕಲು ಮಾತ್ರ ಅಡ್ಮಿನ್ ಅಕೌಂಟ್ ಇರಲಿ ಎಂದು ಬದಲಾಯಿಸಿದೆ. ಉದ್ದೇಶ ಸರಿಯಾಗಿತ್ತು. ಮಾಡಿದ ಕ್ರಮ ತಪ್ಪಿತ್ತು.

ಆಮೇಲೆ ಇದೇ ಬಗೆಯ ತೊಂದರೆಗಳನ್ನು ನೆಂಟರ, ಅಕ್ಕಪಕ್ಕದವರ ಮನೆಗಳಲ್ಲೂ ನೋಡಿದ್ದೇನೆ. ಬಹಳ ಜನ ಕೊನೆಗೆ ಬೇಸತ್ತು "ಎಲ್ಲರನ್ನೂ ಅಡ್ಮಿನ್ ಮಾಡಿಬಿಡಿ" ಅಂತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ದೋಷ ಎಲ್ಲಿದೆ ಅಂತ ಹುಡುಕೋಣ. ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11ಕ್ಕೆ. ಕಮಾಂಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷಿನಲ್ಲಿ ಟೈಪ್ ಮಾಡಿ.

ಮೊದಲು ಆ ಪೆಟ್ಟಿಗೆಯನ್ನು ಓದಿ

ಸಾಫ್ಟ್‌ವೇರ್ ಹಾಕಲು ಹೋದಾಗ ಪರದೆ ಮಬ್ಬಾಗಿ, ನಡುವೆ ಒಂದು ಪೆಟ್ಟಿಗೆ ಬರುತ್ತದೆ, ಅಲ್ವಾ? ಅದರ ಹೆಸರು ಯೂಸರ್ ಅಕೌಂಟ್ ಕಂಟ್ರೋಲ್, ಚಿಕ್ಕದಾಗಿ ಯುಎಸಿ. 2007ರಲ್ಲಿ ವಿಂಡೋಸ್ ವಿಸ್ಟಾ ಜೊತೆ ಬಂದದ್ದು. ಎಕ್ಸ್‌ಪಿ ಕಾಲದಲ್ಲಿ ಮನೆಗಳಲ್ಲಿ ಎಲ್ಲರೂ ಅಡ್ಮಿನ್ ಆಗಿಯೇ ಇರುತ್ತಿದ್ದರು, ಯಾರೂ ಏನೂ ಕೇಳುತ್ತಿರಲಿಲ್ಲ. ಈಗ ಕೇಳುತ್ತದೆ. ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ಆದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಪೆಟ್ಟಿಗೆಯಲ್ಲಿ ಬರೀ 'ಯೆಸ್', 'ನೋ' ಇದ್ದು, ಎರಡನ್ನೂ ಒತ್ತಲು ಆಗುತ್ತಿದ್ದರೆ ನೀವು ಅಡ್ಮಿನ್ ಅಕೌಂಟಿನಲ್ಲಿದ್ದೀರಿ. ಸ್ಟ್ಯಾಂಡರ್ಡ್ ಮಾಡಿದ್ದೇನೆ ಅಂದುಕೊಂಡಿದ್ದರೂ ಅದು ಆಗಿಲ್ಲ.

ಅಡ್ಮಿನ್ ಹೆಸರು ತೋರಿಸಿ ಪಾಸ್‌ವರ್ಡ್ ಕೇಳುತ್ತಿದ್ದರೆ ನೀವು ಸ್ಟ್ಯಾಂಡರ್ಡ್ ಅಕೌಂಟಿನಲ್ಲಿದ್ದೀರಿ, ವ್ಯವಸ್ಥೆ ಸರಿಯಾಗಿದೆ. ಕೇಳುವುದು ದೋಷವಲ್ಲ, ಅದರ ಕೆಲಸವೇ ಅದು.

ಪಾಸ್‌ವರ್ಡ್ ಕೊಡಿ ಎಂಬ ಸಾಲು ಇದೆ, ಪಾಸ್‌ವರ್ಡ್ ಬರೆಯುವ ಜಾಗವೇ ಇಲ್ಲ, 'ಯೆಸ್' ಮಂಕಾಗಿದೆ, 'ನೋ' ಮಾತ್ರ ಕೆಲಸ ಮಾಡುತ್ತದೆ. ಅಕ್ಕನ ಮನೆಯಲ್ಲಿ ಕಂಡದ್ದು ಇದು. ಇದರ ಅರ್ಥ ಒಂದೇ: ಈ ಕಂಪ್ಯೂಟರಿನಲ್ಲಿ ಚಾಲೂ ಇರುವ ಅಡ್ಮಿನ್ ಅಕೌಂಟ್ ಒಂದೂ ಉಳಿದಿಲ್ಲ.

ಇನ್ನೊಂದು ಮಾತು. ಪೆಟ್ಟಿಗೆಯ ಮೇಲಿನ ಪಟ್ಟಿ ಹಳದಿ ಇದ್ದು, ಪಬ್ಲಿಷರ್ 'ಅನ್‌ನೋನ್' ಅಂತಿದ್ದರೆ, ಆ ಸಾಫ್ಟ್‌ವೇರ್ ಯಾರದ್ದು ಅಂತ ವಿಂಡೋಸ್‌ಗೆ ಖಾತ್ರಿಯಿಲ್ಲ. ಯಾರೂ ಏನೂ ಒತ್ತದೆ ಸುಮ್ನೆ ಕೂತಿದ್ದಾಗ ಈ ಪೆಟ್ಟಿಗೆ ಬಂದರೆ 'ನೋ' ಒತ್ತಿ, ಆಮೇಲೆ ವಿಚಾರಿಸಿ.

'ಯೆಸ್' ಮಂಕಾದಾಗ

ಇದು ಹೇಗಾಯಿತು ಅಂತ ಹೇಳಿದರೆ ನಿಮಗೂ ಅನುಕೂಲ. ಅಕ್ಕನ ಮನೆಯದು ಅಂಗಡಿಯಲ್ಲಿ ಜೋಡಿಸಿಕೊಟ್ಟ ಕಂಪ್ಯೂಟರ್. ವಿಂಡೋಸ್ ಹಾಕಿದವರು ಅದರೊಳಗೇ ಇರುವ 'ಅಡ್ಮಿನಿಸ್ಟ್ರೇಟರ್' ಎಂಬ ಅಕೌಂಟನ್ನು ಚಾಲೂ ಮಾಡಿದ್ದರು. ಮಾಮೂಲಿಯಾಗಿ ಅದು ಮುಚ್ಚಿರುತ್ತದೆ, ಮುಚ್ಚಿರುವುದೇ ಒಳ್ಳೆಯದು. ಮನೆಯವರು ಬಳಸುತ್ತಿದ್ದದ್ದು 'ಹೋಮ್' ಎಂಬ ಇನ್ನೊಂದು ಅಕೌಂಟ್. ಅದೂ ಅಡ್ಮಿನ್.

ನಾನು ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ 'ಹೋಮ್' ಅನ್ನು ಸ್ಟ್ಯಾಂಡರ್ಡ್ ಮಾಡಿದೆ. ಇರುವುದು ಒಂದೇ ಅಡ್ಮಿನ್ ಆಗಿದ್ದರೆ ವಿಂಡೋಸ್ ಅಲ್ಲೇ ತಡೆಯುತ್ತಿತ್ತು. ಇನ್ನೊಂದು ಇದೆಯಲ್ಲ, ಒಪ್ಪಿಕೊಂಡಿತು. ಮೊದಲೇ ಅಡ್ಮಿನ್ ಆಗಿ ತೆರೆದಿಟ್ಟಿದ್ದ ಕಪ್ಪು ಕಮಾಂಡ್ ಕಿಟಕಿ ಹಾಗೇ ಇತ್ತು. ಒಳಗಿನ ಅಡ್ಮಿನಿಸ್ಟ್ರೇಟರ್ ಚಾಲೂ ಇರಬಾರದು ಅಂತ ಗೊತ್ತಿತ್ತಲ್ಲ, ಆ ಕಿಟಕಿಯಿಂದ ಅದನ್ನೂ ಮುಚ್ಚಿದೆ. ಎರಡೂ ಕೆಲಸ ಒಂದು ತಕರಾರೂ ಇಲ್ಲದೆ ಆಯಿತು. ಸೈನ್ ಔಟ್ ಮಾಡುವವರೆಗೂ ಹಳೆಯ ಅಧಿಕಾರ ಹಾಗೇ ಉಳಿದಿರುತ್ತದೆ. ಅದಕ್ಕೇ ಆಗ ಏನೂ ತಿಳಿಯಲಿಲ್ಲ. ಬೀರುವಿಗೆ ಬೀಗ ಹಾಕಿ, ಕೀಲಿಕೈಯನ್ನು ಒಳಗೇ ಬಿಟ್ಟಂತಾಗಿತ್ತು.

ಇದನ್ನು ಖಚಿತ ಮಾಡಿಕೊಳ್ಳಲು ಅಡ್ಮಿನ್ ಅಧಿಕಾರ ಬೇಡ. ಸ್ಟಾರ್ಟ್ ಒತ್ತಿ 'ಸಿಎಂಡಿ' ಎಂದು ಹುಡುಕಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. 'ನೆಟ್ ಲೋಕಲ್‌ಗ್ರೂಪ್ ಅಡ್ಮಿನಿಸ್ಟ್ರೇಟರ್ಸ್' ಎಂದು ಮೂರು ಪದ ಟೈಪ್ ಮಾಡಿ ಎಂಟರ್ ಒತ್ತಿ. ಕೊನೆಯ ಪದದ ತುದಿಯಲ್ಲಿ 'ಎಸ್' ಅಕ್ಷರ ಬಿಡಬೇಡಿ. ಸಣ್ಣ ಗೆರೆಗಳ ಕೆಳಗೆ ಅಡ್ಮಿನ್ ಗುಂಪಿನ ಹೆಸರುಗಳು ಬರುತ್ತವೆ. ಅಕ್ಕನ ಮನೆಯಲ್ಲಿ ಅಲ್ಲಿ ಒಂದೇ ಹೆಸರು ಇತ್ತು: ಅಡ್ಮಿನಿಸ್ಟ್ರೇಟರ್.

ಹೆಸರು ಇದೆಯಲ್ಲ ಅಂತ ಸಮಾಧಾನ ಪಡಬೇಡಿ. ಗುಂಪಿನಲ್ಲಿರುವುದು ಬೇರೆ, ಚಾಲೂ ಇರುವುದು ಬೇರೆ. ಈಗ 'ನೆಟ್ ಯೂಸರ್ ಅಡ್ಮಿನಿಸ್ಟ್ರೇಟರ್' ಎಂದು ಕೊಡಿ. ಈ ಸಲ ಆ 'ಎಸ್' ಇಲ್ಲ. ಬರುವ ಪಟ್ಟಿಯಲ್ಲಿ 'ಅಕೌಂಟ್ ಆಕ್ಟಿವ್' ಎಂಬ ಸಾಲು ನೋಡಿ. ಎದುರಿಗೆ 'ನೋ' ಎಂದಿತ್ತು. ರೋಗ ಸಿಕ್ಕಿತು.

ಪಟ್ಟಿಯಲ್ಲಿ ನಿಮಗೆ ಗುರುತಿಲ್ಲದ, ಐದೇ ಅಕ್ಷರದ ಹೆಸರು ಕಂಡರೆ ಗಾಬರಿಯಾಗಬೇಡಿ. ಇಮೇಲ್ ವಿಳಾಸ ಕೊಟ್ಟು ಮೈಕ್ರೋಸಾಫ್ಟ್ ಅಕೌಂಟ್ ಹಾಕಿಕೊಂಡಾಗ ವಿಂಡೋಸ್ ಆ ವಿಳಾಸದ ಮೊದಲ ಐದು ಅಕ್ಷರಗಳನ್ನು ಹೆಸರಾಗಿ ಇಟ್ಟುಕೊಳ್ಳುತ್ತದೆ. ಅದು ನಿಮ್ಮ ಮನೆಯವರದ್ದೇ ಇರಬಹುದು. ಹಾಗಿದ್ದರೆ ಅಡ್ಮಿನ್ ಇದೆ ಅಂತಾಯಿತು, ಆ ಪಾಸ್‌ವರ್ಡ್ ನೆನಪಿಸಿಕೊಂಡರೆ ಸಾಕು.

ಇನ್ನು ಮದ್ದು. ವಿಂಡೋಸ್‌ನಲ್ಲಿ ಇದಕ್ಕೆಂದೇ ಒಂದು ಹಿಂಬಾಗಿಲು ಇದೆ. ಚಾಲೂ ಇರುವ ಅಡ್ಮಿನ್ ಒಂದೂ ಇಲ್ಲದಿದ್ದಾಗ, ಮುಚ್ಚಿರುವ ಅಡ್ಮಿನಿಸ್ಟ್ರೇಟರ್ ಅಕೌಂಟನ್ನು, ಅತ್ಯಗತ್ಯ ಭಾಗಗಳಷ್ಟೇ ಓಡುವ ಸೇಫ್ ಮೋಡ್‌ನಲ್ಲಿ ಮಾತ್ರ ಒಳಗೆ ಬಿಡುತ್ತದೆ. ಬೇರೆ ಅಡ್ಮಿನ್ ಒಬ್ಬರು ಇದ್ದರೂ ಬಿಡುವುದಿಲ್ಲ.

ಅದಕ್ಕೂ ಮುಂಚೆ ಒಂದು ಎಚ್ಚರಿಕೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಗೂಢಲಿಪಿಯಲ್ಲಿ ಇರುವುದು ಈಗ ಮಾಮೂಲು, ಅದೇ ಬಿಟ್‌ಲಾಕರ್. ಸೇಫ್ ಮೋಡ್‌ಗೆ ಹೋಗುವಾಗ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಅಂಕಿಗಳು ಸಾಮಾನ್ಯವಾಗಿ ಲ್ಯಾಪ್‌ಟಾಪ್ ಮೊದಲು ಶುರು ಮಾಡಿದವರ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತವೆ. ಫೋನಿನಲ್ಲಿ ಆ ಅಕೌಂಟಿಗೆ ಹೋಗಿ ಮೊದಲೇ ಬರೆದಿಟ್ಟುಕೊಳ್ಳಿ. ಮಕ್ಕಳ ಫೋಟೋ, ಮನೆಯ ಕಾಗದಪತ್ರಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ನಿಮ್ಮ ಫೈಲುಗಳನ್ನು ನಕಲು ಮಾಡಲು ಸ್ಟ್ಯಾಂಡರ್ಡ್ ಅಕೌಂಟ್ ಸಾಕು. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಈಗ ಸೈನ್ ಔಟ್ ಮಾಡಿ. ಲಾಗಿನ್ ಪರದೆಯ ಮೂಲೆಯಲ್ಲಿರುವ ಪವರ್ ಗುರುತು ಒತ್ತಿ, ಶಿಫ್ಟ್ ಕೀ ಹಿಡಿದುಕೊಂಡೇ ರೀಸ್ಟಾರ್ಟ್ ಒತ್ತಿ. ನೀಲಿ ಪರದೆ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಹೀಗೆ ಒಂದೊಂದಾಗಿ ಒತ್ತುತ್ತಾ ಹೋಗಿ. ಮತ್ತೆ ಶುರುವಾದಾಗ ಅಂಕಿಗಳ ಪಟ್ಟಿ ಬರುತ್ತದೆ, 4 ಒತ್ತಿ. ಪರದೆಯ ನಾಲ್ಕು ಮೂಲೆಯಲ್ಲೂ 'ಸೇಫ್ ಮೋಡ್' ಎಂದು ಕಾಣುತ್ತದೆ. ಲಾಗಿನ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಹೆಸರು ಇರುತ್ತದೆ. ಯಾರೂ ಪಾಸ್‌ವರ್ಡ್ ಇಟ್ಟಿಲ್ಲದಿದ್ದರೆ ಖಾಲಿ ಬಿಟ್ಟು ಎಂಟರ್ ಒತ್ತಿದರೆ ಸಾಕು.

ಒಳಗೆ ಹೋದ ಮೇಲೆ ಒಂದೇ ಕೆಲಸ ಮಾಡಿ. ಕಂಟ್ರೋಲ್ ಪ್ಯಾನೆಲ್‌ನ ಯೂಸರ್ ಅಕೌಂಟ್ಸ್‌ಗೆ ಹೋಗಿ, ಮ್ಯಾನೇಜ್ ಅನದರ್ ಅಕೌಂಟ್ ಒತ್ತಿ. 'ಹೋಮ್' ಅನ್ನು ತಾತ್ಕಾಲಿಕವಾಗಿ ಅಡ್ಮಿನ್ ಮಾಡಿ ರೀಸ್ಟಾರ್ಟ್ ಕೊಡಿ. ಉಳಿದದ್ದೆಲ್ಲ ಮಾಮೂಲಿ ಪರದೆಯಲ್ಲಿ ಮಾಡುವುದು.

ಈ ಸಲ ಕ್ರಮ ತಪ್ಪಬಾರದು. ಮೊದಲು ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ಹೊಸ ಅಕೌಂಟ್ ಮಾಡಿ, ಅದನ್ನು ಅಡ್ಮಿನ್ ಮಾಡಿ, ಪಾಸ್‌ವರ್ಡ್ ಕೊಡಿ. ಲೋಕಲ್ ಅಕೌಂಟ್, ಅಂದರೆ ಇಮೇಲ್ ವಿಳಾಸ ಕೊಡದೆ ಮಾಡಿದ ಅಕೌಂಟ್, ಆದರೆ ಮೂರು ಪ್ರಶ್ನೆ ಕೇಳುತ್ತದೆ. ಮುಂದೆ ಪಾಸ್‌ವರ್ಡ್ ಮರೆತರೆ ಆ ಉತ್ತರಗಳೇ ದಾರಿ, ನಿಜವಾಗಿ ನೆನಪಿರುವಂಥದ್ದನ್ನೇ ಬರೆಯಿರಿ. ಆಮೇಲೆ ಸೈನ್ ಔಟ್ ಮಾಡಿ ಹೊಸ ಅಕೌಂಟಿಗೆ ಒಮ್ಮೆ ಲಾಗಿನ್ ಆಗಿ. ಅಲ್ಲಿಂದಲೇ ಯಾವುದಾದರೂ ಅಡ್ಮಿನ್ ಕೆಲಸ ಮಾಡಿ ನೋಡಿ. ಅದು ಆದ ಮೇಲೆ ಮಾತ್ರ 'ಹೋಮ್' ಅನ್ನು ಸ್ಟ್ಯಾಂಡರ್ಡ್ ಮಾಡಿ. ಹಿಂದಿನ ವಾರ ನಾನು ಬಿಟ್ಟದ್ದು ಈ ಹೊಸ ಅಕೌಂಟನ್ನೂ, ಈ ನಡುವಿನ ಪರೀಕ್ಷೆಯನ್ನೂ. ಅಕ್ಕ ಆ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ರೇಷನ್ ಕಾರ್ಡ್ ಜೊತೆ ಬೀರುವಿನಲ್ಲಿ ಇಟ್ಟಳು. ಮಾನಿಟರಿನ ಅಂಚಿಗೆ ಅಂಟಿಸುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಸೇಫ್ ಮೋಡ್‌ನಲ್ಲೂ ದಾರಿ ಸಿಗದಿದ್ದರೆ ಫೈಲುಗಳನ್ನು ತೆಗೆದಿಟ್ಟು ವಿಂಡೋಸ್ ಹೊಸದಾಗಿ ಹಾಕುವುದೇ ಲೇಸು. ಪಾಸ್‌ವರ್ಡ್ ಒಡೆಯುತ್ತೇವೆ ಎನ್ನುವ ಸಾಫ್ಟ್‌ವೇರುಗಳನ್ನು ಎಲ್ಲಿಂದಲೋ ತಂದು ಓಡಿಸಬೇಡಿ. ಅಂಥವುಗಳಿಂದ ತಪ್ಪಿಸಿಕೊಳ್ಳಲೆಂದೇ ಅಲ್ವಾ ನಾವು ಅಕೌಂಟ್ ಬೇರೆ ಮಾಡಿದ್ದು? ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸದು ಹಾಕಿಸುವ ಯೋಚನೆ ಇದ್ದರೆ ಆಗಲೇ ಅಕೌಂಟುಗಳನ್ನೂ ಸರಿಯಾಗಿ ಮಾಡಿಸಿ. ಹೊಸದಾಗಿ ಹಾಕುವಾಗ ಮೊದಲು ಮಾಡುವ ಅಕೌಂಟ್ ಅಡ್ಮಿನ್ ಆಗಿರುತ್ತದೆ. ಅದನ್ನು ದಿನದ ಬಳಕೆಗೆ ಇಟ್ಟುಕೊಳ್ಳಬೇಡಿ.

ಪಾಸ್‌ವರ್ಡ್ ಸರಿಯಿದೆ, ಆದರೂ ಒಪ್ಪುತ್ತಿಲ್ಲ

ಹೆಚ್ಚಾಗಿ ಕೀಬೋರ್ಡಿನ ಭಾಷೆ ಕನ್ನಡದಲ್ಲೇ ಉಳಿದಿರುತ್ತದೆ, ಇಲ್ಲವೇ ಕ್ಯಾಪ್ಸ್ ಲಾಕ್ ಬಿದ್ದಿರುತ್ತದೆ. 'ನೋ' ಒತ್ತಿ ಹಿಂದೆ ಬನ್ನಿ. ನೋಟ್‌ಪ್ಯಾಡ್‌ನಲ್ಲಿ ನಾಲ್ಕು ಅಕ್ಷರ ಟೈಪ್ ಮಾಡಿ, ಇಂಗ್ಲಿಷ್ ಬರುತ್ತಿದೆಯಾ ನೋಡಿ, ಮತ್ತೆ ಶುರು ಮಾಡಿ. ಪೆಟ್ಟಿಗೆ ಯಾರ ಹೆಸರು ತೋರಿಸುತ್ತಿದೆ ಅಂತಲೂ ನೋಡಿ. ಇಬ್ಬರು ಅಡ್ಮಿನ್ ಇದ್ದರೆ 'ಮೋರ್ ಚಾಯ್ಸಸ್' ಒತ್ತಿ ಸರಿಯಾದವರನ್ನು ಆರಿಸಬೇಕು. ಪಿನ್ ಕೇಳುವ ಕಡೆ ಪಾಸ್‌ವರ್ಡ್ ಕೊಡುತ್ತಿರುವುದೂ ಉಂಟು.

ಸಾಫ್ಟ್‌ವೇರ್ ಹಾಕಿದ್ದಾಯಿತು, ಐಕಾನ್ ಕಾಣುತ್ತಿಲ್ಲ

ಮಗಳು ತನ್ನ ಸ್ಟ್ಯಾಂಡರ್ಡ್ ಅಕೌಂಟಿನಲ್ಲಿ ಕೂತಿದ್ದಾಳೆ. ನೀವು ಪಕ್ಕದಲ್ಲಿ ನಿಂತು ಅಡ್ಮಿನ್ ಪಾಸ್‌ವರ್ಡ್ ಕೊಟ್ಟಿರಿ. 'ಇನ್‌ಸ್ಟಾಲ್ ಆಯಿತು' ಅಂತ ಬಂತು. ಡೆಸ್ಕ್‌ಟಾಪ್‌ನಲ್ಲಿ ಏನೂ ಇಲ್ಲ. ನೀವು ಪಾಸ್‌ವರ್ಡ್ ಕೊಟ್ಟ ಕ್ಷಣದಿಂದ ಇನ್‌ಸ್ಟಾಲರ್ ಓಡಿದ್ದು ಅಡ್ಮಿನ್ ಹೆಸರಿನಲ್ಲಿ. 'ನನಗೆ ಮಾತ್ರ' ಎಂಬ ಬಗೆಯ ಸಾಫ್ಟ್‌ವೇರ್ ಆದರೆ 'ನಾನು' ಎಂದರೆ ಅದಕ್ಕೆ ಅಡ್ಮಿನ್. ಅದು ಅಡ್ಮಿನ್ ಮನೆಗೆ ಹೋಗಿ ಕೂತಿರುತ್ತದೆ. ಅಡ್ಮಿನ್ ಅಕೌಂಟಿಗೆ ಲಾಗಿನ್ ಆಗಿ ನೋಡಿ, ಐಕಾನ್ ಅಲ್ಲಿದ್ದರೆ ಕಾರಣ ಇದೇ. ಅಲ್ಲಿಂದ ತೆಗೆದು, ಮತ್ತೆ ಹಾಕುವಾಗ 'ಎಲ್ಲ ಬಳಕೆದಾರರಿಗೆ' ಎಂಬುದನ್ನು ಆರಿಸಿ. ಆ ಆಯ್ಕೆಯೇ ಇಲ್ಲದಿದ್ದರೆ ಮಗಳ ಅಕೌಂಟಿನಲ್ಲಿ, ಅಡ್ಮಿನ್ ಆಗಿ ಓಡಿಸದೆ, ಸುಮ್ನೆ ಎರಡು ಸಲ ಒತ್ತಿ ಶುರು ಮಾಡಿ. ಆ ಬಗೆಯವು ಎಷ್ಟೋ ಸಲ ಪಾಸ್‌ವರ್ಡ್ ಕೇಳುವುದೇ ಇಲ್ಲ.

ಅಪ್ಪನ ಲೆಕ್ಕ ಒಂದು, ಮಗಳ ಲೆಕ್ಕ ಇನ್ನೊಂದು

ನನ್ನನ್ನು ಬಹಳ ಹೊತ್ತು ಕೂರಿಸಿದ್ದು ಇದು. ತಿಪಟೂರಿನಲ್ಲಿ ನಮ್ಮ ಮಾವ ಕೊಬ್ಬರಿ ವ್ಯಾಪಾರ ಮಾಡುತ್ತಾರೆ. ಯಾವ ರೈತರಿಂದ ಎಷ್ಟು ಕ್ವಿಂಟಲ್ ಬಂತು, ಎಷ್ಟು ದುಡ್ಡು ಕೊಟ್ಟಿದೆ, ಎಷ್ಟು ಬಾಕಿ, ಎಲ್ಲ ಒಂದು ಹಳೆಯ ಲೆಕ್ಕದ ಸಾಫ್ಟ್‌ವೇರಿನಲ್ಲಿ. ಮೊದಲು ಒಂದೇ ಅಕೌಂಟ್ ಇತ್ತು. ಮಗಳೂ ಲೆಕ್ಕ ಬರೆಯಲು ಶುರು ಮಾಡಿದ ಮೇಲೆ ಇಬ್ಬರಿಗೂ ಬೇರೆ ಬೇರೆ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿದರು. ಒಂದು ವಾರಕ್ಕೆ ಮಾವ ಫೋನ್ ಮಾಡಿದರು. "ಮಗಳು ಬರೆದದ್ದು ನನಗೆ ಕಾಣ್ತಿಲ್ಲ, ನಾನು ಬರೆದದ್ದು ಅವಳಿಗೆ ಕಾಣ್ತಿಲ್ಲ. ಲೆಕ್ಕ ಅಳಿಸಿ ಹೋಯ್ತೇನಪ್ಪಾ?"

ಅಳಿಸಿರಲಿಲ್ಲ. ಹಳೆಯ ಸಾಫ್ಟ್‌ವೇರುಗಳು ತಮ್ಮ ಲೆಕ್ಕದ ಫೈಲನ್ನು 'ಪ್ರೋಗ್ರಾಂ ಫೈಲ್ಸ್' ಒಳಗೇ ಬರೆಯುತ್ತವೆ. ಅಲ್ಲಿ ಬರೆಯಲು ಸ್ಟ್ಯಾಂಡರ್ಡ್ ಅಕೌಂಟಿಗೆ ಅಪ್ಪಣೆ ಇಲ್ಲ. ಬರೆಯಲು ಬಿಡದಿದ್ದರೆ ಹಳೆಯ ಸಾಫ್ಟ್‌ವೇರ್ ನಿಂತೇ ಹೋಗುತ್ತದೆ. ಹಾಗಾಗಬಾರದೆಂದು ವಿಂಡೋಸ್, ಹಳೆಯ 32 ಬಿಟ್ ಸಾಫ್ಟ್‌ವೇರುಗಳಿಗೆ ಮಾತ್ರ, ಬರೆದದ್ದನ್ನು ಸದ್ದಿಲ್ಲದೆ ಬೇರೆ ಕಡೆ ತಿರುಗಿಸುತ್ತದೆ. ಆ ಜಾಗದ ಹೆಸರು ವರ್ಚುವಲ್‌ಸ್ಟೋರ್. ಅದು ಒಬ್ಬೊಬ್ಬರಿಗೂ ಬೇರೆ. ಹೀಗಾಗಿ ಮೂಲ ಫೈಲ್ ಹಳೆಯ ದಿನದಲ್ಲೇ ನಿಂತಿತ್ತು. ಮಾವನ ಹೊಸ ಲೆಕ್ಕ ಅವರ ಪ್ರತಿಯಲ್ಲಿ, ಮಗಳದ್ದು ಅವಳ ಪ್ರತಿಯಲ್ಲಿ ಬೆಳೆಯುತ್ತಿತ್ತು.

ನೋಡುವುದು ಹೀಗೆ. ಆ ಸಾಫ್ಟ್‌ವೇರ್ ತೆರೆದಿಟ್ಟು ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ಗೆ ಹೋಗಿ. ಮೇಲಿನ ಸಾಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಸೆಲೆಕ್ಟ್ ಕಾಲಮ್ಸ್‌ನಲ್ಲಿ 'ಯುಎಸಿ ವರ್ಚುವಲೈಸೇಷನ್' ಸೇರಿಸಿ. ಎದುರಿಗೆ 'ಎನೇಬಲ್ಡ್' ಇದ್ದರೆ ಫೈಲ್ ತಿರುಗಿ ಹೋಗುತ್ತಿರಬಹುದು. ಆಮೇಲೆ ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರು, ಆಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್, ಹೀಗೆ ಒಳಗೆ ಹೋಗಿ. ಆಪ್‌ಡೇಟಾ ಅಡಗಿರುತ್ತದೆ, ವ್ಯೂ ಮೆನುವಿನಲ್ಲಿ 'ಹಿಡನ್ ಐಟಮ್ಸ್' ಹಾಕಿಕೊಂಡರೆ ಕಾಣುತ್ತದೆ. ಮಾವನ ಅಕೌಂಟಿನಲ್ಲಿ ಆ ಫೋಲ್ಡರ್ ತೆರೆದಾಗ ಲೆಕ್ಕದ ಫೈಲ್ ಅಲ್ಲೇ ಇತ್ತು, ಅವತ್ತಿನದೇ ತಾರೀಖು ಹೊತ್ತುಕೊಂಡು. ಮಾವ ಒಂದು ನಿಟ್ಟುಸಿರು ಬಿಟ್ಟರು.

ಇಲ್ಲಿ ಅವಸರ ಬೇಡ. ಕೆಲವರು ತಕ್ಷಣ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಕೊಟ್ಟು ನೋಡುತ್ತಾರೆ. ಹಾಗೆ ಓಡಿಸಿದರೆ ಈ ತಿರುಗಿಸುವಿಕೆ ಇರುವುದಿಲ್ಲ. ಬರೆದದ್ದು ನೇರ ಮೂಲ ಫೈಲಿಗೇ ಹೋಗುತ್ತದೆ. ಎರಡು ಲೆಕ್ಕ ಇದ್ದದ್ದು ಮೂರಾಗುತ್ತದೆ. ನಾವು ಮೊದಲು ಮೂರೂ ಫೈಲುಗಳನ್ನು ಪೆನ್‌ಡ್ರೈವ್‌ನಲ್ಲಿ ಬೇರೆ ಬೇರೆ ಫೋಲ್ಡರಿಗೆ ಹಾಕಿ, 'ಮೂಲ', 'ಅಪ್ಪ', 'ಮಗಳು' ಎಂದು ಹೆಸರಿಟ್ಟೆವು. ಜಾಸ್ತಿ ಬರೆದಿದ್ದದ್ದು ಮಾವ. ಅವರ ಪ್ರತಿಯನ್ನೇ ಇಟ್ಟುಕೊಂಡು, ಮಗಳು ಬರೆದದ್ದನ್ನು ನೋಡಿಕೊಂಡು ಕೈಯಿಂದಲೇ ಸೇರಿಸಿದೆವು. ಸಂಜೆಯವರೆಗೂ ಆಯಿತು, ಆದರೆ ಒಂದು ಕ್ವಿಂಟಲ್ಲೂ ತಪ್ಪಲಿಲ್ಲ. ಆಮೇಲೆ ಡಿ ಡ್ರೈವ್‌ನಲ್ಲಿ 'ಲೆಕ್ಕ' ಎಂಬ ಫೋಲ್ಡರ್ ಮಾಡಿ, ಸಾಫ್ಟ್‌ವೇರಿನ ಸೆಟ್ಟಿಂಗ್‌ನಲ್ಲಿ ಫೈಲ್ ಇರುವ ಜಾಗ ಅದೇ ಎಂದು ಕೊಟ್ಟೆವು. ಮಗಳು ಒಂದು ಲಾಟ್ ಬರೆದು ಸೈನ್ ಔಟ್ ಮಾಡಿದಳು. ಮಾವ ಲಾಗಿನ್ ಆಗಿ ನೋಡಿದರು. ಕಂಡಿತು. ಹಿಂದುಮುಂದಾಗಿಯೂ ಒಮ್ಮೆ ಮಾಡಿ ನೋಡಿದೆವು. ಹಳೆಯ ಪ್ರತಿಗಳನ್ನು ಒಂದು ತಿಂಗಳು ಅಳಿಸಬೇಡಿ ಅಂತ ಹೇಳಿ ಬಂದೆ.

ಅಕೌಂಟಿನ ದೋಷ ಅನಿಸುತ್ತದೆ, ಆದರೆ ಅಲ್ಲ

ಕೊನೆಯದು ಚಿಕ್ಕದು. ಸ್ಟ್ಯಾಂಡರ್ಡ್ ಮಾಡಿದ ಮೇಲೆ ಬ್ಯಾಂಕ್ ವೆಬ್‌ಸೈಟ್ ತೆರೆಯುತ್ತಿಲ್ಲ, ಏನೋ ಸರ್ಟಿಫಿಕೇಟ್ ಸರಿಯಿಲ್ಲ ಅನ್ನುತ್ತದೆ ಎಂದು ಒಬ್ಬರು ಕರೆದರು. ಮೂಲೆಯ ಗಡಿಯಾರ ನೋಡಿದೆ, ವರ್ಷಗಟ್ಟಲೆ ಹಿಂದಿನ ತಾರೀಖು. ತಾರೀಖು ತಪ್ಪಿದ್ದರೆ ವೆಬ್‌ಸೈಟಿನ ಸರ್ಟಿಫಿಕೇಟಿನ ಅವಧಿ ಹೊಂದದೆ ಬ್ರೌಸರ್ ಒಪ್ಪುವುದಿಲ್ಲ. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಹೆಚ್ಚಿನವುಗಳಲ್ಲಿ ಸಿಆರ್ 2032. ಅದು ಸತ್ತರೆ ಪ್ಲಗ್ ತೆಗೆದಾಗಲೆಲ್ಲ ಕಂಪ್ಯೂಟರ್ ಸಮಯ ಮರೆಯುತ್ತದೆ. ಮೊದಲು ಅವರು ಅಡ್ಮಿನ್ ಆಗಿದ್ದರಿಂದ ದಿನಾ ಬೆಳಿಗ್ಗೆ ತಾವೇ ಸಮಯ ತಿದ್ದಿಕೊಳ್ಳುತ್ತಿದ್ದರು. ಸ್ಟ್ಯಾಂಡರ್ಡ್ ಅಕೌಂಟಿಗೆ ಸಮಯ ಬದಲಿಸುವ ಅಧಿಕಾರ ಇಲ್ಲ, ಟೈಮ್ ಝೋನ್ ಮಾತ್ರ ಬದಲಿಸಬಹುದು. ಅದಕ್ಕೇ ಹಳೆಯ ದೋಷ ಈಗ ಬಯಲಿಗೆ ಬಂತು. ಪ್ಲಗ್ ತೆಗೆದು ಹೊಸ ಸೆಲ್ ಹಾಕಿ. ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ಸಮಯ ಒಮ್ಮೆ ಸರಿ ಮಾಡಿ. ರಾತ್ರಿಯೆಲ್ಲ ಪ್ಲಗ್ ತೆಗೆದಿಟ್ಟು, ಬೆಳಿಗ್ಗೆ ಆನ್ ಮಾಡಿದ ಕೂಡಲೇ, ಇಂಟರ್ನೆಟ್ ಹಾಕುವ ಮುಂಚೆ, ಗಡಿಯಾರ ನೋಡಿ.